ಓದಿ ಹೇಳಿದವರು

ಆಲದಮಾಳದ ಹಾಡಿ
೧೮-೧೧-೧೯೭೪

ಪೂಜ್ಯರಾದ ನಿಮಗೆ ವಿಮಲಳ ನಮಸ್ಕಾರಗಳು.

ನಿಮ್ಮ ಕಾಗದ ಕೈಸೇರಿ ಹತ್ತು ದಿನವಾಯಿತು. ಉತ್ತರ ಬರೆದಿಟ್ಟಿದ್ದೆ, ಒಯ್ಯುವವರಿರಲಿಲ್ಲ. ಸರಗೂರಿನಿಂದ ಏಳು ಮೈಲಿ ಸೈಕಲ್ಲು ತಳ್ಳಿಕೊಂಡು ಬರುವ ಅಂಚೆಯ ಚಾಮಯ್ಯ ಹೋದ ವಾರ ದಾರಿಯಲ್ಲಿ ಆನೆ ಕಂಡು ಅಲ್ಲಿಂದಲೇ ಹಿಂದಿರುಗಿದನಂತೆ.

ಶಾಲೆಗೆ ಈಗ ಹತ್ತೊಂಬತ್ತು ಮಕ್ಕಳು ಬರುತ್ತಾರೆ. ನಾನು ಬಂದಾಗ ನಾಲ್ಕೇ ಇದ್ದವು. ಹಾಡಿಗೆಲ್ಲ ಹಿರಿಯಳಾದ ಜವರಜ್ಜಿ ಗುಡಿಸಲು ಗುಡಿಸಲಿಗೂ ಹೋಗಿ, "ಮೇಷ್ಟ್ರಮ್ಮ ನಮ್ಮೋರು ಕಣ್ರಲಾ, ಐಕ್ಳ ಕಳುಸ್ರಲಾ" ಎಂದು ಹೇಳಿದ್ದರ ಫಲ ಇದು.

ಶುಕ್ರವಾರ ಇಲ್ಲಿಗೆ ಜೀಪು ಬಂದಿತ್ತು. ಜೀಪಿನ ಸದ್ದು ಕೇಳಿದರೆ ಈ ಜನ ಕಾಡಿನೊಳಗೆ ಸೇರಿಕೊಂಡುಬಿಡುತ್ತಾರೆ. ಕಂದಾಯ ಇಲಾಖೆಯ ಶೇಕದಾರರು ಖಾಲಿ ಹಾಡಿಯ ನಡುವೆ ನಿಂತು, "ಏನಮ್ಮಾ, ಕಂಬಳಿ ತಂದಿದೀವಿ, ತಗೊಳ್ಳೋರೇ ಇಲ್ವಲ್ಲ. ನೀವಾದ್ರೂ ಕರೀರಿ" ಎಂದರು. ನಾನು ಕಾಡಿನಂಚಿಗೆ ಹೋಗಿ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದೆ. ನನ್ನ ದನಿ ಎಂದು ಗೊತ್ತಾದ ಮೇಲೆ ಹೊರಬಂದರು. ಇಪ್ಪತ್ತೇಳು ಮನೆಗೂ ಒಂದೊಂದು ಕಂಬಳಿ ಸಿಕ್ಕಿತು. ಹಾಳೆಯಲ್ಲಿ ನಾನು ಹೆಸರು ಬರೆದೆ, ಪಕ್ಕದಲ್ಲಿ ಅವರು ಹೆಬ್ಬೆಟ್ಟು ಒತ್ತಿದರು. ಕೊನೆಗೆ ನನ್ನ ಸಹಿಯನ್ನೂ ಹಾಕಿಸಿಕೊಂಡರು. ಹಾಳೆಯ ಮೇಲ್ಭಾಗ ಖಾಲಿ ಇತ್ತು, ಕಚೇರಿಯಲ್ಲಿ ಬರೆದುಕೊಳ್ಳುತ್ತಾರಂತೆ. ಹಾಡಿಯ ಯಜಮಾನ ಕುಳ್ಳಣ್ಣ ಮಾತ್ರ, "ಕಂಬ್ಳಿ ಒದ್ಕಳಾಕೂ ಎಬ್ಬೆಟ್ಟು ಬೇಕಾ ಅವ್ವಾ?" ಎಂದು ಕೇಳಿದ. ಸರ್ಕಾರದ ಪದ್ಧತಿ ಕಣಣ್ಣ ಎಂದೆ.

ನನ್ನ ವರ್ಗದ ಅರ್ಜಿ ಏನಾಯಿತು? ಮದುವೆಯಾಗಿ ಮೂರು ವರ್ಷ. ನಾವು ಒಂದು ಸೂರಿನಡಿ ಇದ್ದದ್ದು ರಜೆಗಳಲ್ಲಿ ಮಾತ್ರ. ಹುಣಸೂರಿನಲ್ಲಿ ಯಾವ ಶಾಲೆಯಾದರೂ ಸರಿ, ನಿಮ್ಮ ಕಚೇರಿಯ ಸಾಹೇಬರನ್ನು ಇನ್ನೊಮ್ಮೆ ಕೇಳಿ ನೋಡಿ.

ನಿಮ್ಮ,
ವಿಮಲ


ಹುಣಸೂರು
೨-೧೨-೧೯೭೪

ಚಿ. ಸೌ. ವಿಮಲಳಿಗೆ ಕಂಠಪ್ಪನ ಆಶೀರ್ವಾದಗಳು.

ಊರೆಲ್ಲ ಹೊಗೆಸೊಪ್ಪಿನ ಘಾಟು. ರಸ್ತೆ ತುಂಬ ಸೊಪ್ಪಿನ ಗಾಡಿಗಳು. ಬಟ್ಟೆ ಒಗೆದು ಹರವಿದರೆ ಅದಕ್ಕೂ ಅದೇ ವಾಸನೆ. ನೀನು ಬಂದ ಮೇಲೆ ಹೊಳೆಯ ಕಡೆಗೆ ಒಂದು ಮನೆ ನೋಡೋಣ ಎಂದಿದ್ದೇನೆ. ವರ್ಗದ ಬಗ್ಗೆ ಸಾಹೇಬರು ಶಿಕ್ಷಣ ಇಲಾಖೆಯವರಿಗೆ ತಾವೇ ಹೇಳುತ್ತೇನೆಂದು ಮಾತು ಕೊಟ್ಟಿದ್ದಾರೆ.

ಅವರಿಗೆ ನನ್ನ ಮೇಲೆ ಮೆಚ್ಚುಗೆ ಬರಲು ಒಂದು ಕಾರಣವಿದೆ. ಕಾಡುಮೃಗಗಳ ರಕ್ಷಣೆಗೆ ಹೊಸ ಕಾನೂನು ಬಂದಿರುವುದು ನಿನಗೆ ಗೊತ್ತಿರಬಹುದು. ನಿಮ್ಮ ಕಡೆಯ ಕಾಡನ್ನು ಅಭಯಾರಣ್ಯ ಮಾಡುತ್ತಾರೆ. ಆದರೆ ಸುಮ್ಮನೆ ಮಾಡುವ ಹಾಗಿಲ್ಲ. ಅದರೊಳಗೆ ಉಳುವ, ಮೇಯಿಸುವ, ಜೇನು ಇಳಿಸುವ ಹಕ್ಕು ಯಾರಿಗಿದೆಯೋ ಅವರು ಎರಡು ತಿಂಗಳೊಳಗೆ ಬರೆದು ಕೊಡಬೇಕೆಂದು ಊರೂರಲ್ಲಿ ತಮಟೆ ಹೊಡೆಸಿ, ಕನ್ನಡದಲ್ಲೇ ಸಾರಬೇಕು. ಆ ಪ್ರಕಟಣೆಯನ್ನು ಕನ್ನಡಕ್ಕೆ ಇಳಿಸಿದವನು ನಾನು. ಇಂಗ್ಲಿಷಿನಲ್ಲಿ ಒಂದು ವಾಕ್ಯವೇ ಮುಕ್ಕಾಲು ಪುಟ ಇತ್ತು. ಓದು ಬಾರದವನೂ ಕೇಳಿ ತಿಳಿಯಲಿ ಎಂದು ಅದನ್ನು ಏಳು ವಾಕ್ಯ ಮಾಡಿದೆ. ಜನರನ್ನು ಕೇಳಿ ಆಮೇಲೆ ಮುಂದಿನ ಹೆಜ್ಜೆ ಇಡು ಎನ್ನುವ ಕಾನೂನು ನನ್ನ ಸರ್ವಿಸಿನಲ್ಲಿ ನಾನು ಕಂಡದ್ದು ಇದೇ ಮೊದಲು.

ನಿನ್ನ ಹಾಡಿಯ ಹೆಸರೂ ಪಟ್ಟಿಯಲ್ಲಿದೆ. ಸಾರಿದ್ದನ್ನು ನೀನೂ ಕೇಳಿರಬೇಕು. ನನ್ನ ಕನ್ನಡ ಅವರಿಗೆ ತಿಳಿಯಿತೇ? ಬರೆ.

ಕಂಠಪ್ಪ


ಆಲದಮಾಳದ ಹಾಡಿ
೧೬-೧೨-೧೯೭೪

ನಮಸ್ಕಾರಗಳು.

ಇಲ್ಲಿ ಯಾರೂ ಏನೂ ಸಾರಿಲ್ಲ. ನಾನು ಒಂದೂವರೆ ತಿಂಗಳಿಂದ ಒಂದು ದಿನವೂ ಹಾಡಿ ಬಿಟ್ಟು ಹೋಗಿಲ್ಲ. ಜವರಜ್ಜಿಯನ್ನೂ ಕೇಳಿದೆ. "ತಮ್ಟೆ ಬಡುದಿದ್ರೆ ನಮ್ಮ ಐಕ್ಳು ಕುಣ್ಕಂಡು ಓಗವು. ಯಾರೂ ಬರ್ನಿಲ್ಲ ಕಣವ್ವ" ಎಂದಳು.

ಬಂದದ್ದು ಬೇರೆ. ಹತ್ತು ದಿನದ ಹಿಂದೆ ಅರಣ್ಯದವರು ಬಂದು ಹಾಡಿಯ ಈಚೆ ಕಲ್ಲು ನೆಟ್ಟು ಸುಣ್ಣ ಬಳಿದರು. ಕುಳ್ಳಣ್ಣನ ರಾಗಿ ಹೊಲ, ಇಪ್ಪತ್ತೇಳು ಗುಡಿಸಲು, ನನ್ನ ಶಾಲೆ, ಎಲ್ಲ ಕಲ್ಲಿನ ಆಚೆ ಆಗಿವೆ. ಗೆಡ್ಡೆ ಅಗೆಯಲು ಹೋದ ಹೆಂಗಸರ ಗುದ್ದಲಿ ಕಿತ್ತುಕೊಂಡರು. ಏಕೆಂದು ಕೇಳಿದರೆ "ಕಾನೂನು" ಎಂದಷ್ಟೇ ಹೇಳಿದರು.

ನಿಮ್ಮ ಕಾಗದದ ಆ ಭಾಗವನ್ನು ಹಾಡಿಯವರಿಗೆಲ್ಲ ಓದಿದೆ. ಪೂರ್ತಿ ತಿಳಿಯಿತು. ಎರಡು ಸಲ ಓದಿಸಿದರು. ಹಕ್ಕು ಬರೆದುಕೊಡಲು ನಮೂನೆ ಇರಬೇಕಲ್ಲ, ಇಪ್ಪತ್ತೇಳು ಪ್ರತಿ ಕಳಿಸಿ. ಕೊನೆಯ ದಿನ ಯಾವುದೆಂದು ತಪ್ಪದೆ ತಿಳಿಸಿ. ಇಲ್ಲಿ ಸಾರುವುದು ಬಿಟ್ಟುಹೋಗಿದೆ ಎಂದು ಸಾಹೇಬರ ಗಮನಕ್ಕೆ ತನ್ನಿ. ಯಾರದೋ ಮರೆವಿನಿಂದ ಆಗಿರಬೇಕು.

ವಿಮಲ


ಹುಣಸೂರು
೩೧-೧೨-೧೯೭೪

ಚಿ. ಸೌ. ವಿಮಲಳಿಗೆ.

ಕೆಲಸದ ಒತ್ತಡದಲ್ಲಿ ಉತ್ತರ ತಡವಾಯಿತು. ಕೊನೆಯ ದಿನ ಜನವರಿ ಹದಿನೈದು. ನಮೂನೆಗಳು ಸದ್ಯಕ್ಕೆ ದಾಸ್ತಾನಿಲ್ಲ.

ನಿನ್ನ ವರ್ಗದ ಕಾಗದ ಸಹಿಯ ಹಂತಕ್ಕೆ ಬಂದಿದೆ. ಇಂಥ ಹೊತ್ತಿನಲ್ಲಿ ಹಾಡಿಯವರ ವಿಷಯಕ್ಕೆ ನೀನು ಕೈ ಹಾಕುವುದು ಬೇಡ. ನೀನು ಸರ್ಕಾರಿ ನೌಕರಳು, ನಾನೂ ಅಷ್ಟೇ. ಎಲ್ಲಿ ಏನು ಸಾರಿದರು, ಬಿಟ್ಟರು ಎಂದು ಹೇಳುವುದು ನಮ್ಮ ಕೆಲಸವಲ್ಲ. ಹಬ್ಬಕ್ಕೆ ಬಾ, ಎದುರಿಗೆ ಕೂತು ಮಾತಾಡೋಣ.

ಈ ವಿಷಯವನ್ನು ಇನ್ನು ಮುಂದೆ ಕಾಗದದಲ್ಲಿ ಬರೆಯಬೇಡ.

ಕಂಠಪ್ಪ


ಹೆಗ್ಗಡದೇವನಕೋಟೆ, ಅಂಚೆ ಕಚೇರಿ
೯-೧-೧೯೭೫

ನಮಸ್ಕಾರಗಳು.

ಬರೆಯಬೇಡ ಎಂದಿರಿ. ಕೊನೆಯ ದಿನಕ್ಕೆ ಆರೇ ದಿನ ಉಳಿದಿರುವುದರಿಂದ ಬರೆಯುತ್ತಿದ್ದೇನೆ.

ನಮೂನೆ ಇಲ್ಲದಿದ್ದರೆ ಬೇಡವೆಂದು ಶಾಲೆಯ ಕಾಗದದಲ್ಲೇ ಇಪ್ಪತ್ತೇಳು ಅರ್ಜಿ ಬರೆದೆ. ಯಾರ ಹೊಲ ಎಲ್ಲಿ, ಯಾವ ಮರದಲ್ಲಿ ಜೇನು ಯಾರದು, ಸತ್ತವರನ್ನು ಎಲ್ಲಿ ಮಣ್ಣು ಮಾಡಿದ್ದಾರೆ, ಎಲ್ಲ ಇದೆ. ಒಂದೊಂದನ್ನೂ ಅವರವರಿಗೆ ಓದಿ ಹೆಬ್ಬೆಟ್ಟು ಒತ್ತಿಸಿದೆ. ನಿನ್ನೆ ಕುಳ್ಳಣ್ಣನನ್ನೂ ಜವರಜ್ಜಿಯನ್ನೂ ಕರೆದುಕೊಂಡು ಸರಗೂರಿಗೆ ನಡೆದು, ಬಸ್ಸು ಹಿಡಿದು ಕೋಟೆಗೆ ಬಂದೆ. ಅಜ್ಜಿ ಬಸ್ಸು ಹತ್ತಿದ್ದು ಇದೇ ಮೊದಲು. ಸೀಟಿನಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತಳು.

ಇಲ್ಲಿನ ತಾಲ್ಲೂಕು ಕಚೇರಿಯ ಗುಮಾಸ್ತರು ಅರ್ಜಿ ಮುಟ್ಟಲಿಲ್ಲ. "ಆಲದಮಾಳದಲ್ಲಿ ನವೆಂಬರಿನಲ್ಲೇ ಸಾರಿ ಆಗಿದೆ ಕಣಮ್ಮ. ನಮಗೇನೂ ಹಕ್ಕಿಲ್ಲ ಅಂತ ಹಾಡಿಯೋರೇ ಬರೆದುಕೊಟ್ಟಿದಾರೆ" ಎಂದರು. ಯಾರು ಬರೆದುಕೊಟ್ಟದ್ದು ಎಂದು ಕೇಳಿದೆ. ಕಡತ ಹುಣಸೂರಿನಲ್ಲಿದೆಯಂತೆ.

ಹುಣಸೂರಿನಲ್ಲಿ ಎಂದರೆ ನಿಮ್ಮ ಮೇಜಿನ ಮೇಲೆ. ಅರ್ಜಿಗಳನ್ನು ಸಾಹೇಬರ ಹೆಸರಿಗೆ ರಿಜಿಸ್ಟರ್ ಮಾಡಿ ಈಗ ಹಾಕುತ್ತಿದ್ದೇನೆ. ಆ ಸುಳ್ಳು ಬರೆದುಕೊಟ್ಟವರು ಯಾರೆಂದು ಕಡತ ನೋಡಿ ನನಗೆ ತಿಳಿಸಿ.

ವಿಮಲ


ಹುಣಸೂರು
೨೧-೧-೧೯೭೫

ಚಿ. ಸೌ. ವಿಮಲಳಿಗೆ.

ನೀನು ಕಳಿಸಿದ ಲಕೋಟೆ ಹದಿನೇಳನೇ ತಾರೀಖು ಬಂತು. ಅವಧಿ ಮುಗಿದು ಎರಡು ದಿನವಾಗಿತ್ತು. ಸಂಕ್ರಾಂತಿಯ ರಜೆಯಲ್ಲಿ ಅಂಚೆ ನಿಧಾನವಾಗಿರಬೇಕು. ಕಾನೂನಿನ ಪ್ರಕಾರ ಈಗ ಮಾಡಬಹುದಾದ್ದು ಏನೂ ಇಲ್ಲ. ನಿನಗೆ ಬೇಸರವಾಗುತ್ತದೆ, ನನಗೂ ಆಗಿದೆ.

ಮಾರ್ಚಿ ಒಂದರಂದು ನೀನು ಹುಣಸೂರಿನ ಹೆಣ್ಣುಮಕ್ಕಳ ಶಾಲೆಗೆ ಹಾಜರಾಗಬೇಕೆಂದು ಆದೇಶವಾಗಿದೆ. ಹೊಳೆಯ ಹತ್ತಿರ ಮನೆ ನೋಡಿದ್ದೇನೆ. ಹಿತ್ತಲಲ್ಲಿ ನುಗ್ಗೆಮರ ಇದೆ.

ಕಂಠಪ್ಪ


ಆಲದಮಾಳದ ಹಾಡಿ
೩-೨-೧೯೭೫

ನಿಮ್ಮ ಕಾಗದವನ್ನೂ ರಿಜಿಸ್ಟರಿನ ಸ್ವೀಕೃತಿ ಕಾರ್ಡನ್ನೂ ಚಾಮಯ್ಯ ಒಂದೇ ದಿನ ತಂದುಕೊಟ್ಟ.

ಕಾರ್ಡಿನಲ್ಲಿ ಜನವರಿ ಹದಿಮೂರು ಎಂದಿದೆ. ಅದರ ಕೆಳಗೆ ನಿಮ್ಮ ಸಹಿ.

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಏಕೆಂದು ಕೇಳುತ್ತಿರಲಿಲ್ಲ. ನಿಮ್ಮನ್ನು ಕೇಳುತ್ತಿದ್ದೇನೆ.

ವಿಮಲ


ಹುಣಸೂರು
೧೧-೨-೧೯೭೫

ವಿಮಲ,

ಹೌದು. ಹದಿಮೂರಕ್ಕೇ ಬಂತು. ಆವಕ ಪುಸ್ತಕದಲ್ಲಿ ಹತ್ತಿಸದೆ ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಏಕೆಂದು ಹೇಳುತ್ತೇನೆ.

ನಿನ್ನ ಡಿಸೆಂಬರಿನ ಕಾಗದ ಬಂದ ದಿನವೇ, ನಿಮ್ಮಲ್ಲಿ ಸಾರುವುದು ಮರೆತಿದ್ದಾರೆಂದು ಸಾಹೇಬರಿಗೆ ತೋರಿಸಲು ಕಡತ ತೆಗೆದೆ. ಅದರಲ್ಲಿ ಆಲದಮಾಳದ ಮಹಜರು ಇತ್ತು. ತಾರೀಖು ನವೆಂಬರ್ ಹದಿನೈದು. "ಪ್ರಕಟಣೆಯನ್ನು ತಮಟೆ ಹೊಡೆಸಿ ಸಾರಿದ್ದನ್ನು ಕೇಳಿ, ತಿಳಿದು, ಸದರಿ ಕಾಡಿನಲ್ಲಿ ನಮಗೆ ಯಾವ ಹಕ್ಕೂ ಇಲ್ಲವೆಂದು ಒಪ್ಪಿ, ಬೇರೆ ಕಡೆ ಹೋಗಲು ಸಮ್ಮತಿಸಿ ಹೆಬ್ಬೆಟ್ಟು ಒತ್ತಿರುತ್ತೇವೆ" ಎಂದು ಮೇಲೆ ಬರೆದಿದೆ. ಕೆಳಗೆ ಇಪ್ಪತ್ತೇಳು ಹೆಸರು, ಎಲ್ಲ ನಿನ್ನ ಅಕ್ಷರ. ಕೊನೆಯಲ್ಲಿ "ಓದಿ ಹೇಳಿದವರು: ವಿಮಲಮ್ಮ, ಶಿಕ್ಷಕಿ" ಎಂದು ಬರೆದು, ಅದರ ಪಕ್ಕದಲ್ಲಿ ನಿನ್ನ ಸಹಿ ಇದೆ.

ಕಂಬಳಿ ಕೊಟ್ಟ ದಿನದ ಹಾಳೆ ಅದು.

ನಿನ್ನ ಅರ್ಜಿ ಮುಂದಿಟ್ಟರೆ ವಿಚಾರಣೆ ಆಗುತ್ತದೆ. ವಿಚಾರಣೆ ಆದರೆ ಮೊದಲು ಕರೆಯುವುದು ನಿನ್ನನ್ನು. ಶೇಕದಾರರು ತಾವು ಸಾರಿದ್ದು ನಿಜವೆಂದೇ ಹೇಳುತ್ತಾರೆ. ಸುಳ್ಳು ದಾಖಲೆಗೆ ಸಹಿ ಮಾಡಿದ ಅಪವಾದ ನಿನ್ನ ತಲೆಗೆ ಬರುತ್ತದೆ. ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಆಗಬಹುದು. ಅದಕ್ಕೇ ಬಚ್ಚಿಟ್ಟೆ. ವರ್ಗದ ಆಸೆಯೂ ಇತ್ತು. ಇಲ್ಲವೆಂದರೆ ಇನ್ನೊಂದು ಸುಳ್ಳಾಗುತ್ತದೆ.

ನೀನು ಬಂದುಬಿಡು ವಿಮಲ. ಅಲ್ಲಿಂದ ಹೊರಟು ಬಂದುಬಿಡು.

ಕಂಠಪ್ಪ


ಆಲದಮಾಳದ ಹಾಡಿ
೨೫-೨-೧೯೭೫

ನಿಮ್ಮ ಕಾಗದ ಓದಿ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೇ ದಿನ ಎಲ್ಲರನ್ನೂ ಶಾಲೆಯ ಮುಂದೆ ಕೂರಿಸಿ ಆ ಮಹಜರಿನ ಮಾತುಗಳನ್ನು ಓದಿದೆ.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಜವರಜ್ಜಿ ಕೇಳಿದಳು:

"ನೀನು ನಮ್ಗೆ ಓದಿ ಏಳ್ದೆ ಅಂತ ಅದ್ರಾಗೆ ಬರ್ದದಾ?"

"ಹೌದಜ್ಜಿ."

"ಓದಿ ಏಳ್ನಿಲ್ವಲ್ಲ."

"ಇಲ್ಲ."

"ಮತ್ಯಾಕವ್ವ ರುಜು ಆಕ್ದೆ?"

"ನಾನೂ ಓದಲಿಲ್ಲ ಅಜ್ಜಿ. ಬರೀ ಖಾಲಿ ಹಾಳೆ ಇತ್ತು."

ಅಜ್ಜಿ ಎದ್ದು ಹೋದಳು. ಕುಳ್ಳಣ್ಣ, "ನಿನ್ ದನಿ ಕೇಳೇ ಕಾಡಿಂದ ಈಚೆಗೆ ಬಂದೋ" ಎಂದ. ಅಷ್ಟೇ ಅವನು ಆಡಿದ್ದು. ಸ್ವಲ್ಪ ಹೊತ್ತಿಗೆ ಅವನು ತನ್ನ ಕಂಬಳಿ ತಂದು ಶಾಲೆಯ ಮೆಟ್ಟಿಲ ಮೇಲೆ ಹಾಕಿದ. ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಇಪ್ಪತ್ತೇಳೂ ಬಂದು ಬಿದ್ದವು. ಮಾರನೆಯ ದಿನದಿಂದ ಒಂದು ಮಗುವೂ ಶಾಲೆಗೆ ಬಂದಿಲ್ಲ. ಬಾವಿಯ ಹತ್ತಿರ ಹೋದರೆ ಹೆಂಗಸರು ನಾನು ನೀರು ಸೇದಿಕೊಂಡು ಹೋಗಲೆಂದು ದೂರ ನಿಲ್ಲುತ್ತಾರೆ.

ಇದರೊಂದಿಗೆ ನನ್ನ ಹೇಳಿಕೆ ಇದೆ. ನವೆಂಬರ್ ಹದಿನೈದರಂದು ಯಾವ ಪ್ರಕಟಣೆಯೂ ಸಾರಲಿಲ್ಲ, ಕಂಬಳಿಗೆಂದು ಖಾಲಿ ಹಾಳೆಗೆ ಸಹಿ ಮಾಡಿದೆ, ಓದದೆ ಸಹಿ ಮಾಡಿದ್ದು ನನ್ನ ತಪ್ಪು ಎಂದು ಬರೆದಿದ್ದೇನೆ. ಮೈಸೂರಿನ ಜಿಲ್ಲಾ ಕಚೇರಿಗೂ ಒಂದು ಪ್ರತಿ ಕಳಿಸಿದ್ದೇನೆ. ಅದು ಅಲ್ಲಿ ಯಾರ ಡ್ರಾಯರಿನಲ್ಲಿ ಬೀಳುತ್ತದೋ ಗೊತ್ತಿಲ್ಲ. ನಿಮ್ಮ ಡ್ರಾಯರು ನನಗೆ ಗೊತ್ತಿದೆ.

ಮಾರ್ಚಿ ಒಂದಕ್ಕೆ ನಾನು ಬರುವುದಿಲ್ಲ. ಈ ಸ್ಥಿತಿಯಲ್ಲಿ ಹೊರಟರೆ ಓಡಿಹೋದ ಹಾಗಾಗುತ್ತದೆ. ಇದ್ದರೂ ಇಲ್ಲಿ ನನ್ನ ಮುಖ ನೋಡುವವರಿಲ್ಲ. ಅರ್ಜಿಗಳನ್ನು ಏನು ಮಾಡುವಿರೋ ನೀವೇ ಯೋಚಿಸಿ. ನಾನು ಇನ್ನು ಕೇಳುವುದಿಲ್ಲ.

ವಿಮಲ


ಹುಣಸೂರು
೨೦-೩-೧೯೭೫

ವಿಮಲಳಿಗೆ.

ಬರೆಯಲು ತಡಮಾಡಿದೆ. ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಎರಡು ವಾರ ಕಚೇರಿಗೆ ಹೋಗಿ ಬಂದೆ. ಸೋಮವಾರ ಡ್ರಾಯರಿನ ಬೀಗ ತೆಗೆದೆ.

ಸಾಹೇಬರು ಅರ್ಜಿಗಳನ್ನು ತಿರುವಿ, "ಇವು ಯಾವಾಗ ಬಂದದ್ದು?" ಎಂದರು.

"ಜನವರಿ ಹದಿಮೂರು, ಸಾರ್."

"ಎರಡು ತಿಂಗಳು ಎಲ್ಲಿದ್ದವು?"

"ನನ್ನ ಡ್ರಾಯರಿನಲ್ಲಿ."

ನಿನ್ನ ಹೇಳಿಕೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಕಂಠಪ್ಪ, ಇದನ್ನ ನಾನು ನೋಡೇ ಇಲ್ಲ ಅಂದ್ಕೊಂಡ್ರೆ ನಿಮಗೂ ಒಳ್ಳೇದು, ನಿಮ್ಮ ಮನೆಯವರಿಗೂ ಒಳ್ಳೇದು" ಎಂದರು. ಕೆಟ್ಟವರೇನಲ್ಲ, ಕನಿಕರದಿಂದಲೇ ಹೇಳಿದರು. "ಆವಕ ಪುಸ್ತಕದಲ್ಲಿ ಹತ್ತಿಸಿ ನಂಬರು ಹಾಕಿ ತಂದಿದೀನಿ ಸಾರ್. ಬಂದ ತಾರೀಖನ್ನೂ ಬರೆದಿದೀನಿ" ಎಂದೆ. ಅರ್ಜಿಗಳನ್ನು ತಮ್ಮ ಕಡೆಗೆ ಎಳೆದುಕೊಂಡು, "ಆಯ್ತು, ಹೋಗಿ" ಎಂದರು.

ಅರ್ಜಿಗಳು ಅವಧಿಯೊಳಗೆ ಬಂದಿವೆಯೆಂದು ದಾಖಲಾಗಿದೆ. ವಿಚಾರಣೆ ನಡೆಸಲೇಬೇಕು. ನಿನ್ನ ವರ್ಗ ರದ್ದಾಯಿತು. ನನಗೆ ಈಗ ಕೆಲಸದ ಒತ್ತಡ ಅಷ್ಟಿಲ್ಲ. ಆರೋಗ್ಯ ಚೆನ್ನಾಗಿದೆ. ಹೊಳೆಯ ಹತ್ತಿರದ ಮನೆ ಬಿಟ್ಟುಬಿಟ್ಟೆ.

ಕಂಠಪ್ಪ


ಸರಗೂರು ದಾರಿ, ಶೆಡ್ಡುಗಳ ಸಾಲು
೯-೬-೧೯೭೫

ನಮಸ್ಕಾರಗಳು.

ವಿಳಾಸ ಬದಲಾಗಿದೆ. ಮೇ ಇಪ್ಪತ್ತೆಂಟರಂದು ನಾಲ್ಕು ಲಾರಿ ಬಂದವು. ವಿಚಾರಣೆ ಬಾಕಿ ಇದೆ ಎಂದು ನಿಮ್ಮ ಕಾಗದ ಹಿಡಿದು ಹೇಳಿದೆ. "ಇದು ತಾತ್ಕಾಲಿಕ ಕಣಮ್ಮ, ಬೇಸಿಗೇಲಿ ಕಾಡಿಗೆ ಬೆಂಕಿ ಬಿದ್ರೆ ಇವರಿಗೇ ಅಪಾಯ" ಎಂದರು. ಮುಂಗಾರು ಶುರುವಾಗಿ ಆಗಲೇ ಎರಡು ಹದ ಮಳೆ ಬಿದ್ದಿತ್ತು. ಕುಳ್ಳಣ್ಣ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದ. ಯಾರೂ ಕೊಡಲಿಲ್ಲ. ಜವರಜ್ಜಿ ಒಲೆಯ ಮುಂದಿನಿಂದ ಏಳಲಿಲ್ಲ, ಇಬ್ಬರು ಎತ್ತಿ ಲಾರಿಗೆ ಹಾಕಿದರು. ನಾನೂ ಹತ್ತಿದೆ. ಜೀಪಿನಲ್ಲಿ ಬನ್ನಿ ಎಂದು ಕರೆದರು, ಹೋಗಲಿಲ್ಲ.

ಇಲ್ಲಿ ಬಯಲಿನಲ್ಲಿ ಎರಡು ಸಾಲು ತಗಡಿನ ಶೆಡ್ಡು. ಒಂದು ಮರವಿಲ್ಲ. ಬೆಳಗಾದರೆ ಗಂಡಸರು ಕೂಲಿ ಹುಡುಕಿಕೊಂಡು ಹಂಪಾಪುರದ ಕಡೆ ಹೋಗುತ್ತಾರೆ. ಕಾಡಿಗೆ ಕಾಲಿಟ್ಟರೆ ಕೇಸು, ಇಲ್ಲಿದ್ದರೆ ಉಪವಾಸ. ಆದರೆ ಲಾರಿಯಲ್ಲಿ ಅಜ್ಜಿಯ ತಲೆ ನನ್ನ ತೊಡೆಯ ಮೇಲಿತ್ತು. ಆ ದಿನದಿಂದ ಮಕ್ಕಳು ಮತ್ತೆ ನನ್ನ ಹತ್ತಿರ ಬರುತ್ತಿದ್ದಾರೆ.

ನಿಮಗೆ ಒತ್ತಡ ಕಡಿಮೆ ಎಂದು ಬರೆದಿದ್ದಿರಿ. ಹಾಗಿದ್ದರೆ ಎರಡು ದಿನ ಬಂದು ಹೋಗಬಾರದೇ?

ವಿಮಲ


ಹುಣಸೂರು
೧೯-೬-೧೯೭೫

ವಿಮಲಳಿಗೆ.

ಈಗ ಬರಲಾರೆ, ಏಕೆಂದು ಮುಂದೆ ಹೇಳುತ್ತೇನೆ. ಇದನ್ನು ಚಾಮಯ್ಯನ ಕೈಯಲ್ಲೇ ಕೊಡಬೇಕೆಂದು ಅಂಚೆಯವರಿಗೆ ಹೇಳಿ ಕಳಿಸುತ್ತಿದ್ದೇನೆ.

ಪಕ್ಕದ ಮೇಜಿನ ಚಿಕ್ಕಬಸಪ್ಪ ವಿಚಾರಣೆಯ ನೋಟೀಸಿನ ನಕಲು ಮಾಡಿ ಕೊಟ್ಟಿದ್ದಾನೆ. ಜೂನ್ ಮೂವತ್ತು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಅರ್ಜಿದಾರರು "ಆಲದಮಾಳದ ಹಾಡಿಯಲ್ಲಿ, ಸ್ಥಳದಲ್ಲಿಯೇ" ಹಾಜರಿರಬೇಕು, ತಪ್ಪಿದರೆ ಅರ್ಜಿ ವಜಾ. ನೋಟೀಸು ಹಳೆಯ ವಿಳಾಸಕ್ಕೇ ಹೋಗಿದೆ. ಅಲ್ಲಿ ಯಾರೂ ಇಲ್ಲವೆಂದು ಅದು ವಾಪಸು ಬರುತ್ತದೆ, ಅರ್ಜಿಗಳು ವಜಾ ಆಗುತ್ತವೆ. ಬೇಕೆಂದು ಮಾಡಿದರೋ, ನೋಡದೆ ಮಾಡಿದರೋ ನಾನು ಹೇಳಲಾರೆ.

ಆದರೆ ಸ್ಥಳದಲ್ಲಿಯೇ ಎಂದು ಬರೆದವರು ಅವರೇ. ಆ ದಿನ ಅಲ್ಲಿಗೆ ಹೋಗುವುದನ್ನು ಯಾವ ಗಾರ್ಡೂ ತಡೆಯುವ ಹಾಗಿಲ್ಲ. ಈ ನಕಲನ್ನು ಎಲ್ಲರಿಗೂ ಓದು.

ಕಂಠಪ್ಪ


ಸರಗೂರು ದಾರಿ, ಶೆಡ್ಡುಗಳ ಸಾಲು
೯-೭-೧೯೭೫

ನಮಸ್ಕಾರಗಳು.

ಆ ದಿನ ನಾವು ಬೆಳಕು ಹರಿಯುವ ಮುಂಚೆ ಹೊರಟೆವು. ಮುದುಕರು, ಬಾಣಂತಿಯರು, ಮಕ್ಕಳು, ಎಲ್ಲರೂ. ದೇಶದಲ್ಲಿ ತುರ್ತುಪರಿಸ್ಥಿತಿ ಬಂದಿದೆ, ಗುಂಪು ಕೂಡಿದರೆ ಒಳಗೆ ಹಾಕುತ್ತಾರೆ ಎಂದು ಸರಗೂರಿನಲ್ಲಿ ಹೆದರಿಸಿದ್ದರು. ಸುಣ್ಣದ ಕಲ್ಲಿನ ಹತ್ತಿರ ಗಾರ್ಡುಗಳು ಅಡ್ಡ ನಿಂತರು. ನೋಟೀಸಿನ ನಕಲು ಓದಿದೆ. ಬಿಟ್ಟರು.

ಗುಡಿಸಲುಗಳನ್ನು ಕೆಡವಿದ್ದರು. ಒಲೆಗಳು ಮಾತ್ರ ಉಳಿದಿದ್ದವು. ತಂತಮ್ಮ ಒಲೆಯ ಮುಂದೆ ಕೂತರು. ಹನ್ನೊಂದೂವರೆಗೆ ಬಂದ ಸಾಹೇಬರು ಜೀಪಿನಿಂದ ಇಳಿದು ಹಾಗೇ ನಿಂತುಬಿಟ್ಟರು. ಯಾರೂ ಇರುವುದಿಲ್ಲವೆಂದು ಅವರಿಗೆ ಹೇಳಿದ್ದರೆಂದು ತೋರುತ್ತದೆ.

ಶೇಕದಾರರೂ ಬಂದಿದ್ದರು. ತಮಟೆ ಹೊಡೆದವನು ಯಾರು ಎಂದು ಸಾಹೇಬರು ಕೇಳಿದರು. ಶೇಕದಾರರು ಒಂದು ಹೆಸರು ಹೇಳಿದರು. ಅವನು ಸತ್ತು ವರ್ಷವಾಯಿತು ಎಂದು ಕುಳ್ಳಣ್ಣ ಹೇಳಿದ. ನನ್ನನ್ನು ಒಂದು ಗಂಟೆ ಕೇಳಿದರು. ಎಲ್ಲ ಹೇಳಿದೆ. ಬರೆದುಕೊಂಡದ್ದನ್ನು ಓದಿ ಹೇಳಿದ ಮೇಲೇ ಸಹಿ ಮಾಡಿದೆ.

ಆಮೇಲೆ ಸಾಹೇಬರು ಜವರಜ್ಜಿಗೆ, "ನಿಮ್ಮ ಎಲ್ಲೆ ತೋರಿಸಿ" ಎಂದರು. ಅಜ್ಜಿ ನಡೆದಳು. ಅವಳ ಹಿಂದೆ ಸಾಹೇಬರು, ಅವರ ಹಿಂದೆ ಬರೆಯುವವರು. "ಇದು ನಮ್ಮವ್ವನ ಮಣ್ಣು ಮಾಡಿದ್ ಜಾಗ, ಬರ್ಕಳಿ. ಈ ಮರ್ದ ಜೇನು ಕುಳ್ಳನ್ದು, ಬರ್ಕಳಿ." ಎರಡು ಗಂಟೆ ನಡೆಸಿದಳು. ಸಾಹೇಬರ ಬೂಟು ಕೆಸರಾಯಿತು. ಎಲ್ಲವನ್ನೂ ಬರೆಸಿದರು.

ನಾಲ್ಕು ಗಂಟೆಗೆ ಎಲ್ಲರೂ ಹೊರಡಬೇಕೆಂದು ಗಾರ್ಡುಗಳು ಕೂಗಿದರು. ಅಜ್ಜಿ ತನ್ನ ಒಲೆಯ ಮುಂದೆ ಹೋಗಿ ಕೂತಳು. "ಏಳಜ್ಜಿ" ಎಂದರೆ, "ಸಾಯೇಬ್ರೇ ಬಾಯ್ಬುಟ್ಟು ಏಳ್ಲಿ. ನಿಂಗೆ ಅಕ್ಕಿಲ್ಲ, ಓಗು ಅಂತ ಬರ್ದು ಕೊಡ್ಲಿ, ಓಯ್ತೀನಿ" ಎಂದಳು. ಎಲ್ಲರೂ ಸಾಹೇಬರ ಮುಖ ನೋಡಿದರು. ವಿಚಾರಣೆ ತೀರ್ಮಾನವಾಗದೆ ಹೋಗು ಎಂದು ಬರೆಯುವ ಹಾಗಿಲ್ಲ. ಇರು ಎಂದು ಹೇಳುವ ಧೈರ್ಯವೂ ಇಲ್ಲ. "ತೀರ್ಮಾನ ಆಗೋ ತನಕ..." ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿ ಜೀಪು ಹತ್ತಿದರು. ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ಅಜ್ಜಿಯನ್ನು ಮುಟ್ಟಲಿಲ್ಲ.

ಜೀಪು ಹೊರಡುವಾಗ ಸಾಹೇಬರ ಜವಾನ ನನ್ನ ಹತ್ತಿರ ಬಂದು, ಹುಣಸೂರಿನಲ್ಲಿ ನೀವು ಮಾರ್ಚಿಯಿಂದ ಅಮಾನತಿನಲ್ಲಿದ್ದೀರಿ, ಊರು ಬಿಟ್ಟು ಹೋಗಬಾರದೆಂದು ಆದೇಶವಿದೆ ಎಂದ. ಮೂರು ತಿಂಗಳು ನೀವು ನನಗೆ ಹೇಳಲಿಲ್ಲ. ಕೋಪ ಬರಬೇಕಿತ್ತು, ಬರಲಿಲ್ಲ. ನನಗೂ ನಿನ್ನೆ ಅಮಾನತಿನ ಮೆಮೋ ಬಂದಿದೆ. ನಿಮ್ಮ ಮೇಲಿನ ಆ ಆದೇಶ ತೆಗೆದ ದಿನ ನೀವೇ ಇಲ್ಲಿಗೆ ಬನ್ನಿ. ನಾನಂತೂ ಹೊರಡುವ ಹಾಗಿಲ್ಲ.

ತೀರ್ಮಾನ ಯಾವಾಗಲೋ ಗೊತ್ತಿಲ್ಲ. ಇಂದಿಗೆ ಹತ್ತನೇ ದಿನ. ಗಾರ್ಡುಗಳು ಅಜ್ಜಿಯನ್ನು ಕಂಡೂ ಕಾಣದವರಂತೆ ಹೋಗುತ್ತಾರೆ. ದಿನಕ್ಕೊಬ್ಬರು ಹಿಟ್ಟು ಕೊಟ್ಟು ಬರುವುದನ್ನೂ ನೋಡುವುದಿಲ್ಲ. ನಿನ್ನೆ ನನ್ನ ಸರದಿ. ಹೋದಾಗ ಅಜ್ಜಿ ಕೆಡವಿದ ಗೋಡೆಯ ಪಕ್ಕ ಮಳೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕುಂಬಳದ ಬೀಜ ಊರುತ್ತಿದ್ದಳು.

"ಮಣ್ಣು ಅದ್ವಾಗದೆ ಕಣವ್ವ" ಎಂದು ಅರ್ಧದಷ್ಟು ಬೀಜ ನನ್ನ ಕೈಗೆ ಸುರಿದಳು.

ವಿಮ‌ಲ